ಹವಾ ಛಲೋ ಇರುವ ಊರಿನವರು

ಧಾರವಾಡದವರಿಗೆ ತಮ್ಮೂರಿನ ಹವಾದ ಮೇಲೆ ಇರುವ ಗರ್ವ, ಮದುವೆಯಾಗಿ ಬಂದ ದಿನದಿಂದ ಇವತ್ತಿನವರೆಗೂ ನನ್ನ ತಲೆಗೆ ಹತ್ತಿಲ್ಲ. ಹವಾ ಇವರು ಮಾಡಿದ್ದಲ್ಲ, ದುಡ್ಡು ಕೊಟ್ಟು ತಂದದ್ದೂ ಅಲ್ಲ. ಆದರೂ ತಮ್ಮ ಅಜ್ಜ ಕೈಯಾರೆ ತೋಡಿಸಿದ ಬಾವಿಯ ಹಾಗೆ ಅದರ ಬಗ್ಗೆ ಮಾತಾಡುತ್ತಾರೆ. ನಾನು ಬಾಗಲಕೋಟೆ ಕಡೆಯವಳು. ನಮ್ಮಲ್ಲಿ ಬಿಸಿಲಿಗೆ ಬಿಸಿಲು ಅನ್ನುತ್ತೇವೆ, ತಲೆ ಮೇಲೆ ಸೆರಗು ಹೊದ್ದು ಕೆಲಸಕ್ಕೆ ಹೋಗುತ್ತೇವೆ. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಹಾಗಲ್ಲ. ಬೆಳಗ್ಗೆ ಹಾಲಿಗೆಂದು ಗೇಟಿನ ಬಳಿ ನಿಂತವರು ಒಬ್ಬರಿಗೊಬ್ಬರು "ಏನ್ ಹವಾರೀ ನಮ್ದು!" ಅಂದುಕೊಳ್ಳುತ್ತಾರೆ. ಆಮೇಲೆ ಕೆಮ್ಮುತ್ತಾರೆ.

ಕೆಮ್ಮುವವರಲ್ಲಿ ಮೊದಲಿಗರು ನಮ್ಮ ಮನೆಯವರೇ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮಳೆ ಹಿಡಿಯಿತೆಂದರೆ ಅವರಿಗೆ ದಮ್ಮು ಶುರುವಾಗುತ್ತಿತ್ತು. ಗೋಡೆಗೆ ಬೂಸ್ಟು ಬರುವ ಹೊತ್ತಿಗೆ ಇವರ ಎದೆಯಲ್ಲಿ ಸಿಳ್ಳೆ ಕೇಳಿಸುತ್ತಿತ್ತು. ಅಲ್ಲಿಂದ ದೀಪಾವಳಿ ದಾಟುವವರೆಗೆ ಮಂಚದ ಮೇಲೆ ಮೈ ಚಾಚುವ ಮಾತಿರಲಿಲ್ಲ. ಆರಾಮ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಅದಕ್ಕೆ ನಿದ್ದೆ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ. ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು, "ಈ ಥಂಡಿ, ಈ ಬೂಸ್ಟು ಇವರಿಗೆ ಆಗಿಬರಂಗಿಲ್ರಿ. ಒಣಾ ಹವಾ ಇದ್ದಲ್ಲಿ ನಾಕ ತಿಂಗಳ ಇಟ್ಟ ನೋಡ್ರಿ" ಎಂದು. ದವಾಖಾನೆಯ ಮೆಟ್ಟಿಲು ಇಳಿಯುತ್ತ, ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ, ಇವರು ನನಗೆ ಹೇಳಿದ್ದು: "ಡಾಕ್ಟರ್ ಹೊರಗಿನವ. ನಮ್ಮ ಹವಾ ಅವಗೇನ ಗೊತ್ತು."

ಹೀಗಿರುವಾಗ ನನಗೆ ಪ್ರಮೋಷನ್ ಬಂತು. ಆಗ ನಾನು ಹುಬ್ಬಳ್ಳಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿಯಾಗಿದ್ದೆ. ಬ್ಯಾಂಕಿನವರು ಮೇಲಿನ ಹುದ್ದೆ ಕೊಡುವಾಗ ಜೊತೆಗೆ ದೂರದ ಊರನ್ನೂ ಕೊಡುತ್ತಾರೆ. ನನಗೆ ಸಿಕ್ಕಿದ್ದು ರಾಜಸ್ಥಾನದ ಜೋಧಪುರ. ಒಪ್ಪಿಗೆಯೋ ಇಲ್ಲವೋ ಎಂದು ಹದಿನೈದು ದಿನದೊಳಗೆ ಬರೆದು ಕೊಡಬೇಕು. ಆ ಊರಿನ ಹೆಸರು ಓದಿದಾಗ ನನಗೆ ಹೊಳೆದದ್ದು ಒಂದೇ: ಒಣ ಹವಾ. ದೇವರು ದವಾಖಾನೆಯ ಚೀಟಿ ಓದಿಯೇ ಊರು ಆರಿಸಿದ್ದಾನೆ ಅಂದುಕೊಂಡೆ.

ಆದರೆ ಧಾರವಾಡದಲ್ಲಿ ಇಂಥ ಪ್ರಮೋಷನ್ನಿಗೆ ಒಂದು ರೂಢಿ ಇದೆ. ಅದನ್ನು 'ಬಿಡಬೇಕು'. ಬಿಟ್ಟವರಿಗೆ ಓಣಿಯಲ್ಲಿ ಬಹಳ ಮರ್ಯಾದೆ. ನಮ್ಮ ಎದುರು ಮನೆಯ ಕಾಕಾ ಕೆಲಸದಲ್ಲಿದ್ದಷ್ಟು ಕಾಲ ಬಂದ ಬಂದ ಪ್ರಮೋಷನ್ನನ್ನೆಲ್ಲ ಬಿಟ್ಟು, ಸೇರಿದ ಹುದ್ದೆಯಲ್ಲೇ ನಿವೃತ್ತರಾಗಿ, ಇವತ್ತಿಗೂ ಅದನ್ನು ಯುದ್ಧ ಗೆದ್ದವರ ಹಾಗೆ ವರ್ಣಿಸುತ್ತಾರೆ. ಸುದ್ದಿ ತಿಳಿದ ಕೂಡಲೇ ಕೊಡೆ ಹಿಡಿದು ಬಂದರು.

"ಎಲ್ಲಿ ಹಾಕ್ಯಾರಂತ?"

"ಜೋಧಪುರಕ್ಕ ರೀ ಕಾಕಾ."

"ನನಗ ಹುಬ್ಬಳ್ಳಿಗೆ ಹಾಕಿದ್ರು. ನಾ ಹೋಗ್ಲಿಲ್ಲ" ಅಂದರು. ಅವರ ಪ್ರಕಾರ ಉಣಕಲ್ ಕೆರೆ ದಾಟಿದರೆ ಸಾಕು, ಹವಾ ಕೆಡುತ್ತದೆ, ಅಲ್ಲಿಂದಾಚೆಗಿನದೆಲ್ಲ ಮರುಭೂಮಿಯೇ. ದಿನಾ ಬಸ್ಸಿನಲ್ಲಿ ಆ ಕೆರೆ ದಾಟಿ ಹೋಗಿ ಬರುವ ನನ್ನನ್ನು ಅವರು ಮೊದಲಿನಿಂದಲೂ ಸ್ವಲ್ಪ ಕನಿಕರದಿಂದಲೇ ನೋಡುತ್ತಿದ್ದರು.

ಭಾನುವಾರ ಭಾವನವರು ಬಂದರು. ಇವರ ಅಣ್ಣ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮನೆ, ಹತ್ತಿ ವ್ಯಾಪಾರ ಮಾಡಿದವರು. ಮನೆತನದಲ್ಲಿ ಯಾರು ಏನೇ ಮಾಡುವುದಿದ್ದರೂ ಖರ್ಚಿನ ಲೆಕ್ಕ ಹಾಕುವ ಹಕ್ಕು ಅವರದು. ಚಹಾ ಕುಡಿದು, ಕರವಸ್ತ್ರದಿಂದ ಮೀಸೆ ಒರೆಸಿಕೊಂಡು, "ನೋಡವ್ವಾ, ನಾ ಬ್ಯಾಡ ಅನ್ನಾಕ ಬಂದಿಲ್ಲ. ಲೆಕ್ಕಾ ಹೇಳಾಕ ಬಂದೇನಿ" ಅಂದರು. ಬೇಡ ಅನ್ನಲಿಕ್ಕೆ ಬಂದವರೆಲ್ಲರೂ ಹೀಗೇ ಶುರು ಮಾಡುವುದು.

ಲೆಕ್ಕ ಜೋಳದಿಂದ ಆರಂಭವಾಯಿತು. ವಿಜಯಪುರದ ಬಿಳಿ ಜೋಳ ಜೋಧಪುರದಲ್ಲಿ ಸಿಗುವುದಿಲ್ಲ. ಹಾಗಾದರೆ ಚೀಲಗಟ್ಟಲೆ ಇಲ್ಲಿಂದ ರೈಲಿಗೆ ಹಾಕಬೇಕು, ಅದರ ಬಾಡಿಗೆ ಹಿಡಿಯಿರಿ. ರೊಟ್ಟಿ ಬಡಿಯುವ ಹೆಣ್ಣುಮಗಳು ಅಲ್ಲಿ ಎಲ್ಲಿಂದ ಬರಬೇಕು? ಅವಳೂ ಇಲ್ಲಿಂದಲೇ ಬರಬೇಕು, ಅವಳ ಪಗಾರ, ಅವಳ ಊಟ, ವರ್ಷಕ್ಕೆ ಎರಡು ಸಲ ಅವಳು ಊರಿಗೆ ಬಂದು ಹೋಗುವ ಖರ್ಚು. ಮೆಂತ್ಯ, ರಾಜಗಿರಿ, ಹಕ್ಕರಕಿ ಸೊಪ್ಪು ದಿನಾ ಬೇಕು, ಅವು ಅಲ್ಲಿ ಬೆಳ್ಳಿಯ ರೇಟಿಗೆ ಇರುತ್ತವೆ ಎಂದು ತಾವೇ ತೀರ್ಮಾನಿಸಿದರು. ಊರಲ್ಲಿ ನಡೆಯುವ ಪ್ರತಿ ಮದುವೆ, ತೊಟ್ಟಿಲು, ಮನೆವೊಕ್ಕಲಿಗೂ ನಾವಿಬ್ಬರೂ ಬಂದೇ ಬರಬೇಕಾದ್ದರಿಂದ ಅದರ ರೈಲು ಚಾರ್ಜು. ಮೇಲೆ ಹನ್ನೆರಡೂ ತಿಂಗಳು ಎಸಿ. ಒಟ್ಟಿನಲ್ಲಿ ಮಾಳಮಡ್ಡಿಯ ಮನೆಯನ್ನು ಹಾಗೆಯೇ ಎತ್ತಿ ಉಸುಕಿನ ಮೇಲೆ ಇಟ್ಟರೆ ಎಷ್ಟಾಗುತ್ತದೋ ಅಷ್ಟು ಬಂತು. ಜೋಧಪುರದವರು ಏನು ತಿಂದು ಬದುಕಿದ್ದಾರೆ, ಅದಕ್ಕೆ ಎಷ್ಟಾಗುತ್ತದೆ ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

"ಮತ್ತ ನೀರ?" ಅಂದರು, ಲೆಕ್ಕ ಕೇಳಲು ಬಂದು ಕೂತಿದ್ದ ಕಾಕಾ. "ಅಲ್ಲೆ ಕುಡ್ಯಾಕ ನೀರರ ಅದಾವೇನು?"

ಅವರು ಕೂತಿದ್ದ ಕುರ್ಚಿಯ ಹಿಂದೆಯೇ ನಮ್ಮ ನೀಲಿ ಬ್ಯಾರಲ್ಲುಗಳು ಸಾಲಾಗಿ ನಿಂತಿದ್ದವು. ನಲ್ಲಿ ವಾರಕ್ಕೊಮ್ಮೆ ಬಂದರೆ ಹಬ್ಬ ಮಾಡುವ ಊರಿನವರು ಇನ್ನೊಂದು ಊರಿನ ನೀರಿನ ಚಿಂತೆ ಮಾಡುವುದನ್ನು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೂ ತಡೆದುಕೊಂಡು ಒಂದೇ ಒಂದು ಮಾತು ಕೇಳಿದೆ.

"ಭಾವಾರ, ಇಲ್ಲಿ ಇವರ ಔಷಧದ ಖರ್ಚು ಹಿಡೀಲಿಲ್ಲಲ್ರಿ? ವರ್ಷಾ ಮಳಿಗಾಲದಾಗ ದವಾಖಾನಿಗೆ ಸೇರಸೋದು?"

"ಅದು ಇದ್ದದ್ದ ಐತಿ ಬಿಡವ್ವಾ" ಅಂದರು. ಕುರ್ಚಿಯಲ್ಲಿ ದಿಂಬಿಗೆ ಒರಗಿದ್ದ ನಮ್ಮವರು ಹೌದು ಹೌದು ಎಂದು ತಲೆಯಾಡಿಸಿದರು. ಮಾತಾಡುವಷ್ಟು ಉಸಿರು ಅವರಿಗೆ ಆಗ ಇರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಆ ಊರಿನವರನ್ನೇ ಕೇಳೋಣ ಎಂದು ಭಾವನವರು ನಮ್ಮನ್ನು ಹುಬ್ಬಳ್ಳಿ ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿರುವ ತಮ್ಮ ಗೆಳೆಯರೊಬ್ಬರ ಬಳಿ ಕರೆದೊಯ್ದರು. ಅವರ ತಂದೆ ಜೋಧಪುರದ ಕಡೆಯಿಂದ ಬಂದವರು; ಈ ಗೆಳೆಯರು ಹುಟ್ಟಿದ್ದು, ಬೆಳೆದದ್ದು ಹುಬ್ಬಳ್ಳಿಯಲ್ಲೇ. ತಂದೆಯ ಆ ಊರಿನ ಬಗ್ಗೆ ನಮ್ಮ ಕಾಕಾಗಿಂತ ಹೆಚ್ಚು ಅಸಹ್ಯ ಅವರಿಗೇ ಇತ್ತು.

"ಅಲ್ಲೇನೈತ್ರಿ ಅಕ್ಕಾರ? ಬರೇ ಉಸಕ. ಮದವಿ ಇದ್ರ ಅಷ್ಟ ಹೋಗ್ತೇವಿ. ಹೋದ ಮರುದಿನಾನ ಯಾವಾಗ ಹುಬ್ಬಳ್ಳಿ ಕಂಡೇನು ಅನಸ್ತೈತಿ."

"ಅಲ್ಲೆ ನಿಮ್ಮ ಮಂದ್ಯಾಗ ಯಾರಿಗಾದ್ರೂ ದಮ್ಮು ಐತೇನ್ರಿ?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಯೋಚಿಸಿದರು. "ಅಲ್ಲೆ ಯಾರಿಗೂ ಇಲ್ರಿ. ನಮ್ಮವ್ವಗ ಐತಿ. ಅದೂ ಇಲ್ಲಿಗೆ ಬಂದ ಮ್ಯಾಲೆ ಹತ್ತಿದ್ದು."

ನಾನು ನಮ್ಮವರ ಮುಖ ನೋಡಿದೆ. ಅವರು ಒಂದು ತಾಮ್ರದ ಚರಿಗೆಯ ಮೇಲಿನ ಕೆತ್ತನೆ ನೋಡುತ್ತಿದ್ದರು. ಭಾವನವರು, "ಅದಿರ್ಲಿ, ಜೋಳದ ರೇಟ್ ಹೆಂಗ ಅಲ್ಲೆ?" ಅಂದರು.

ಕೊನೆಗೆ ನಾನೇ ಹಟ ಹಿಡಿದು, ಒಮ್ಮೆ ಕಣ್ಣಾರೆ ನೋಡಿಯಾದರೂ ಬರೋಣ ಎಂದು ಇವರನ್ನು ರೈಲು ಹತ್ತಿಸಿದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹುಬ್ಬಳ್ಳಿ ಬಿಟ್ಟೆವು. ಸುಳ್ಳು ಯಾಕೆ ಹೇಳಲಿ, ಜೋಧಪುರವೂ ನನಗೆ ಹಿಡಿಸಲಿಲ್ಲ. ಹಲ್ಲಿನ ನಡುವೆ ಉಸುಕು, ಎಲ್ಲಿ ನೋಡಿದರೂ ಪಾರಿವಾಳ, ಪಾಯಸದಷ್ಟು ಸಕ್ಕರೆ ಹಾಕಿದ ಚಹಾ. ತರಕಾರಿ ಪೇಟೆಯಲ್ಲಿ ಒಣಗಿದ ಕಡ್ಡಿಯಂಥದ್ದನ್ನು ಬಾದಾಮಿಯ ರೇಟಿಗೆ ಮಾರುತ್ತಾರೆ, ಅದನ್ನು ಪಲ್ಯ ಮಾಡಿ ತಿನ್ನುತ್ತಾರಂತೆ. ಮಧ್ಯಾಹ್ನದ ಗಾಳಿ ಒಲೆಯ ಬಾಯಿಯಿಂದ ಬಂದ ಹಾಗೆ. ಮನೆ ತೋರಿಸಲು ಬಂದ ದಲ್ಲಾಳಿ, ಕಲ್ಲಿನ ಗೋಡೆ ತಟ್ಟಿ ತಟ್ಟಿ, ಅರಮನೆಯನ್ನೇ ಕೊಡುತ್ತಿರುವವನ ಹಾಗೆ ಆಡಿದ. ಆದರೆ ಬಾಡಿಗೆ ಕೇಳಿದರೆ ಅದು ವಿದ್ಯಾನಗರದಲ್ಲಿ ಅಂಥದ್ದೇ ಮನೆಗೆ ಕೇಳುವುದಕ್ಕಿಂತ ಕಡಿಮೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ ಎಂದು ಆತ ನಾಚಿಕೆಯಿಂದ ಹೇಳಿಕೊಂಡ. ನನಗೆ ಮಾಳಮಡ್ಡಿಯ ನೀಲಿ ಬ್ಯಾರಲ್ಲುಗಳು ನೆನಪಾದವು.

ಮನೆ ನೋಡಿ ಬ್ಯಾಂಕಿನ ಗೆಸ್ಟ್ ಹೌಸಿಗೆ ಮರಳಿದೆವು. ಇವರು ಬಿಸಿಲನ್ನೂ ನನ್ನನ್ನೂ ಸಮವಾಗಿ ಬೈದು, ತಲೆ ಸುತ್ತುತ್ತಿದೆ ಎಂದು ಹೇಳಿ, ಸಿಟ್ಟಿನಿಂದಲೇ ಮಂಚದ ಮೇಲೆ ಉರುಳಿಕೊಂಡರು. ನಾನು ಚಹಾ ತರಿಸಿ ತಿರುಗಿ ನೋಡುತ್ತೇನೆ, ಅಂಗಾತ ಮಲಗಿ ನಿದ್ದೆ ಹೋಗಿದ್ದಾರೆ. ತಲೆಯಡಿಗೆ ಒಂದೇ ಒಂದು ತೆಳ್ಳನೆಯ ದಿಂಬು. ಬಾಯಿ ಮುಚ್ಚಿದೆ. ಎದೆ ಏರುತ್ತದೆ, ಇಳಿಯುತ್ತದೆ, ಸದ್ದಿಲ್ಲ. ನಾನು ಹತ್ತಿರ ಹೋಗಿ ಬಗ್ಗಿ ಕಿವಿಯಿಟ್ಟು ಕೇಳಿದೆ. ಶ್ರಾವಣದಲ್ಲಿ ಈ ಮನುಷ್ಯ ಮೈ ಚಾಚಿ ಮಲಗಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ನನಗೆ ಅಳು ಬಂತು. ಸೆರಗು ಬಾಯಿಗಿಟ್ಟುಕೊಂಡು ಕೂತೆ. ಚಹಾ ಆರಿಹೋಯಿತು.

ಸಂಜೆ ಎದ್ದವರು ಕಣ್ಣುಜ್ಜಿಕೊಂಡು ಮುಖ ಸಿಂಡರಿಸಿದರು. "ಏನ್ ಊರ ಇದು! ನಿದ್ದಿ ಹಿಂಗ ಹೊಡದ ಹಾಕತೈತಿ. ಇಲ್ಲೆ ಇದ್ರ ಮನಷ್ಯಾ ಆಳಸಿ ಆಗಿಬಿಡ್ತಾನ."

"ನಿಮ್ಮ ಎದಿ ಹಗೂರ ಆಗೇತಿ. ನಿಮಗ ಗೊತ್ತಾಗವಲ್ದೇನ್ರಿ?"

"ಅದು ರೈಲಿನ ಆಯಾಸ" ಅಂದರು.

ಧಾರವಾಡ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಸುರಿಯುತ್ತಲೇ ಇತ್ತು. ಇವರು ಪ್ಲಾಟ್‌ಫಾರ್ಮಿನ ಮೇಲೆ ಎರಡೂ ಕೈ ಅಗಲಿಸಿ, "ಆಹಾ, ನಮ್ಮ ಹವಾ!" ಎಂದು ಉದ್ದಕ್ಕೆ ಉಸಿರೆಳೆದರು. ಆ ಉಸಿರು ಅರ್ಧಕ್ಕೇ ಸಿಕ್ಕಿಕೊಂಡು, ಕೆಮ್ಮಿ ಕೆಮ್ಮಿ ಬೆಂಚಿನ ಮೇಲೆ ಕೂತರು. ಮರುದಿನ ಓಣಿಗೆಲ್ಲ ಸುದ್ದಿ: ಜೋಧಪುರದ ಹವಾ ಆರೋಗ್ಯಕ್ಕೆ ಕೆಟ್ಟದ್ದು, ಅಲ್ಲಿ ವಿಪರೀತ ನಿದ್ದೆ ಬರುತ್ತದೆ. ಕಾಕಾ ಅದನ್ನು ಮೊದಲೇ ಹೇಳಿದ್ದರಂತೆ. ಭಾವನವರು ಫೋನಿನಲ್ಲಿ, "ಬಾಡಿಗಿ ಸೋವಿ ಐತಿ ಅಂದ್ರ ಏನೋ ಮಸಲತ್ತ ಇರ್ತೈತಿ ನೋಡವ್ವಾ" ಅಂದರು. ಒಬ್ಬ ಮನುಷ್ಯನ ಉಸಿರು ಒಂದು ತಕ್ಕಡಿಯಲ್ಲಿ, ಖಡಕ್ ರೊಟ್ಟಿ ಇನ್ನೊಂದರಲ್ಲಿ. ರೊಟ್ಟಿಯೇ ಭಾರವಾಗುವುದು ಜಗತ್ತಿನಲ್ಲಿ ಅದೊಂದೇ ಊರಿನಲ್ಲಿ ಇರಬೇಕು.

ಒಪ್ಪಿಗೆ ಕೊಡುವ ಕೊನೆಯ ದಿನ ಸೋಮವಾರವಿತ್ತು. ಹಿಂದಿನ ದಿನವೇ ಇವರು ನನ್ನ ಪರವಾಗಿ 'ಬಿಡುವ' ಅರ್ಜಿಯನ್ನು ತಮ್ಮ ಡ್ರಾಯಿಂಗ್ ಮಾಸ್ತರರ ಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದರು. ನಾನು ಸಹಿ ಮಾಡಿದರೆ ಆಯಿತು. ಹೇಳಬೇಕೆಂದರೆ, ಮಾಡಿಬಿಡೋಣ ಎಂದೇ ನಾನೂ ಅಂದುಕೊಂಡಿದ್ದೆ. ಇಷ್ಟು ಜನರ ಜೊತೆ ಗುದ್ದಾಡಿ ದಣಿದಿದ್ದೆ. ತಮ್ಮ ಎದೆಯ ಮೇಲೆ ಅವರಿಗೇ ಕಾಳಜಿ ಇಲ್ಲದ ಮೇಲೆ ನಾನೊಬ್ಬಳು ಯಾಕೆ ಒದ್ದಾಡಲಿ?

ಬೆಳಗ್ಗೆ ಮಳೆ. ನಾನು ಗೇಟಿನ ತನಕ ಹೋದಾಗ ಇವರು ಬಾಗಿಲಿಗೆ ಬಂದರು. ಏನೋ ಹೇಳುವುದಿತ್ತು. ಚೌಕಟ್ಟು ಹಿಡಿದು ನಿಂತು ಬಾಯಿ ತೆರೆದರು.

"ಆ ಅರ್ಜಿ..." ಅಂದು ನಿಂತರು. ಭುಜ ಮೇಲೇರಿದವು, ಕತ್ತಿನ ನರ ಬಿಗಿದವು. "ಮರೀ... ಮರೀದ..." ಅಂದು ಮತ್ತೆ ನಿಂತರು.

ನಾನು ಮಳೆಯಲ್ಲಿ ಕಾಯುತ್ತ ನಿಂತೆ. ಅವರಿಗೆ ಸಹಾಯ ಮಾಡಬೇಕೆಂದು ನಾನೇ ಆ ಮಾತು ಮುಗಿಸಬಹುದಿತ್ತು. ದಿನವೂ ಹಾಗೇ ಮಾಡುತ್ತಿದ್ದೆ. ಅವತ್ತು ಮಾಡಲಿಲ್ಲ. ಅಂಥ ಸಣ್ಣ ಮಾತಿಗೆ ಬೇಕಾಗುವಷ್ಟು ಗಾಳಿ, ಹವಾ ಛಲೋ ಇರುವ ಆ ಊರಿನಲ್ಲಿ ಅವರಿಗೆ ಸಿಗಲಿಲ್ಲ. ಕಡೆಗೆ ಕೈ ಬೀಸಿ, ನಿನಗೆ ಗೊತ್ತಲ್ಲ ಎಂಬ ಹಾಗೆ ಸನ್ನೆ ಮಾಡಿದರು.

"ತಿಳೀತ್ರಿ. ಒಳಗ ಹೋಗ್ರಿ" ಅಂದೆ. ಹುಬ್ಬಳ್ಳಿಗೆ ಹೋಗಿ ಜೋಧಪುರಕ್ಕೆ ಒಪ್ಪಿಗೆ ಬರೆದು ಕೊಟ್ಟೆ.

ಆಮೇಲೆ ಆದದ್ದನ್ನೆಲ್ಲ ಹೇಳುವುದಿಲ್ಲ. ಕಾಕಾ ನನ್ನೊಡನೆ ಮಾತು ಬಿಟ್ಟರು, ಅದರಿಂದ ನನಗೇನೂ ನಷ್ಟವಾಗಲಿಲ್ಲ. ಇವರು ಹೊರಡುವ ದಿನದವರೆಗೂ ಮುಖ ಗಂಟಿಕ್ಕಿಕೊಂಡೇ ಇದ್ದರು. ಜೋಧಪುರಕ್ಕೆ ಬರುವಾಗ ಜೋಳದ ಹಿಟ್ಟಿನ ಒಂದು ಡಬ್ಬಿ ತಂದೆವು. ಅದು ಮುಗಿದ ಮೇಲೆ ಇಲ್ಲಿಯ ಸಜ್ಜೆ ರೊಟ್ಟಿ ತಿನ್ನುತ್ತಿದ್ದೇವೆ, ಯಾರೂ ಸತ್ತಿಲ್ಲ. ಬಂದ ಹೊಸದರಲ್ಲಿ ಒಮ್ಮೆ ಧೂಳಿನ ಗಾಳಿ ಎದ್ದು ಇವರಿಗೆ ಎರಡು ದಿನ ಕೆಮ್ಮು ಹತ್ತಿತ್ತು. ಆಗ ಮಾತ್ರ ನನ್ನ ಜೀವ ಹಾರಿಹೋಗಿತ್ತು.

ಈಗ ಮತ್ತೆ ಶ್ರಾವಣ. ಧಾರವಾಡದಲ್ಲಿ ಮಳೆ ಹಿಡಿದಿದೆಯಂತೆ. ನಿನ್ನೆ ಸಂಜೆ ಇವರು ಅಣ್ಣನಿಗೆ ಫೋನ್ ಮಾಡಿ ಅಂಗಳದಲ್ಲಿ ನಿಂತು ಈ ಊರನ್ನು ಬೈಯುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡೆ.

"ಹೇಳ್ತೇನಿ ಕೇಳಣ್ಣಾ, ಈ ಊರಾಗ ಮನಷ್ಯಾರ ಇರಬಾರದು, ಒಂಟೆ ಅಷ್ಟ ಇರಬೇಕು, ಬ್ಯಾಳಿಗೆ ಸಕ್ರಿ ಹಾಕ್ತಾರ, ಬಾಗಲಾ ತಗದ್ರ ಉಸಕ ಒಳಗ, ಮುಚ್ಚಿದ್ರ ಪಾರಿವಾಳ ಒಳಗ, ನೀರ ಬಾಯಾಗ ಹಾಕ್ಕೊಂಡ್ರ ಉಪ್ಪ, ಮಂದಿ ಹಗಲೆಲ್ಲಾ ಮಲಕೋತಾರ ರಾತ್ರಿ ಎಲ್ಲಾ ಹಾಡ್ತಾರ, ಇಂಥಾ ಕೆಟ್ಟ ಹವಾ ನಾ ನನ್ನ ಜನ್ಮದಾಗ ಕಂಡಿಲ್ಲ, ಇದರ ಮಣ್ಣ ತಗೊಂಡ ಒಂದ ಹೂವಿನ ಗಿಡಾ ಹಚ್ಚಾಕ ಬರಂಗಿಲ್ಲ..."

ನಾನು ಲಟ್ಟಣಿಗೆ ಹಿಡಿದವಳು ಹಾಗೇ ನಿಂತೆ. ಎಲ್ಲಿ ತಡೆದು ನಿಲ್ಲುತ್ತಾರೆ, ಎಲ್ಲಿ ಗೋಡೆ ಹಿಡಿಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ನಿಲ್ಲಲಿಲ್ಲ. ದನಿ ಏರುತ್ತಲೇ ಹೋಯಿತು. ಕಡೆಗೆ ಆ ಕಡೆಯಿಂದ ಭಾವನವರೇ ಬೇಸತ್ತು ಫೋನ್ ಇಟ್ಟರು.

ಇವರು ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ನಾನು ಕಣ್ಣೊರೆಸಿಕೊಳ್ಳುತ್ತಿರುವುದನ್ನು ಕಂಡು ಗಾಬರಿಯಾದರು.

"ಯಾಕ? ನಿನಗ ಏನರ ಅಂದ್ನೇನು? ಊರಿಗೆ ಅಂದೆ."

"ಇನ್ನೊಂದೀಟ ಬೈರಿ" ಅಂದೆ.