ಟಿಕೋಟಾದ ಹೊಸ್ತಿಲು

ಬಿಸಿ ಉಸುಕಿನಲ್ಲಿ ಶೇಂಗಾ ಹುರಿಯುವ ವಾಸನೆ ಎಲ್ಲಿ ಬಂದರೂ ಇವತ್ತಿಗೂ ನನಗೆ ಗಂಗತ್ತಿ ನೆನಪಾಗುತ್ತಾಳೆ. ಅಪ್ಪನ ತಂಗಿ ಅವಳು. ಟಿಕೋಟಾದ ಗಂಡನ ಮನೆಯಿಂದ ಸಿಟ್ಟು ಮಾಡಿಕೊಂಡು ಬಂದವಳು ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮನೆಯಲ್ಲೇ ಉಳಿದುಬಿಟ್ಟಿದ್ದಳು. ಹಾಗೆ ಬಂದ ಹೆಣ್ಣನ್ನು ಗಂಡನೋ ಅವನ ಕಡೆಯವರೋ ಬಂದು ಕರೆದೊಯ್ಯಬೇಕು, ಅದು ರೂಢಿ. ತಾನಾಗಿ ಹೋದವಳು ತಾನಾಗಿ ಬರಲಿ ಎಂದು ಅವಳ ಗಂಡ, ನಮ್ಮ ಮಾವ. ಕರೆಯದೆ ಹೊಸ್ತಿಲು ತುಳಿಯಲಾರೆ ಎಂದು ಅತ್ತಿ. ಬಾಯಲ್ಲಿ ಇಷ್ಟು ಬಿಗುಮಾನ, ಆದರೆ ಸಂಜೆ ಟಿಕೋಟಾದ ಬಸ್ಸು ಬರುವ ಹೊತ್ತಿಗೆ ಮುಖ ತೊಳೆದು, ಕುಂಕುಮ ತಿದ್ದಿಕೊಂಡು ಕಟ್ಟೆಗೆ ಬಂದು ಕೂಡುತ್ತಿದ್ದಳು. ಆ ಊರಿನವರು ಯಾರಾದರೂ ಮನೆಗೆ ಬಂದರೆ ಅಜ್ಜಿ ಏನೋ ನೆಪ ಹೇಳಿ ಅವಳನ್ನು ಹಿತ್ತಲಿಗೆ ಕಳಿಸುವಳು, ದೊಡ್ಡವರ ದನಿ ಇಳಿಯುವುದು. ಏನೆಂದು ನನಗೆ ತಿಳಿಯುತ್ತಿರಲಿಲ್ಲ.

ಸ್ಟೇಷನ್ ರಸ್ತೆಯ ಕಡೆಯ ಟಾಕೀಜಿಗೆ ಒಂದು ತಮಿಳು ಸಿನಿಮಾ ಬಂತು. ನಮ್ಮೂರಲ್ಲಿ ತಮಿಳು ಯಾರಿಗೆ ಬರಬೇಕು? ಅದಕ್ಕೇ ಒಬ್ಬನನ್ನು ಪರದೆಯ ಪಕ್ಕ ನಿಲ್ಲಿಸಿ ಕಥೆ ಹೇಳಿಸುತ್ತಿದ್ದರು. ಮಧ್ಯಾಹ್ನದ ಆಟಕ್ಕೆ ಅತ್ತಿ ನನ್ನನ್ನೂ ಕರೆದೊಯ್ದಳು. ಸೊಕ್ಕಿನ ಹೆಂಡತಿ, ಅವಳಿಗಿಂತ ಸೊಕ್ಕಿನ ಗಂಡ, ನಡುವೆ ಹುಳಿ ಹಿಂಡುವ ಒಬ್ಬ ಗೆಳೆಯ. ಕೊನೆಗೆ ಅವಳು ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಳು. ಅವನು ಬಾಗಿಲು ತೆರೆದು ಏನೋ ಒಂದು ಮಾತು ಅಂದ, ಅವಳು ಅತ್ತಳು. “ಇಷ್ಟ ದಿನಾ ನಿನ್ನ ದಾರೀನ ನೋಡಾಕತ್ತಿದ್ದೆ ಅಂತಾನ ನೋಡ್ರಿ,” ಎಂದ ಕಥೆ ಹೇಳುವವನು. ಹೆಂಗಸರೆಲ್ಲ ಮೂಗು ಒರೆಸಿಕೊಂಡರು. ಅತ್ತಿಯ ಸೆರಗಿನಲ್ಲಿ, ಟಾಕೀಜಿನ ಮುಂದೆ ಕೊಂಡ ಹುರಿದ ಶೇಂಗಾ ಹಾಗೇ ಉಳಿದಿತ್ತು.

ಮರುದಿನ ಗುಡಿಗೆ ಎಂದು ಹೇಳಿ ಅವಳು ನನ್ನೊಡನೆ ಟಿಕೋಟಾದ ಬಸ್ಸು ಹತ್ತಿದಳು. ಉಳಿದ ಶೇಂಗಾ ನನ್ನ ಉಡಿಗೆ ಸುರಿದು, ಕುಂಕುಮ ನೆಟ್ಟಗಿದೆಯೇ ಎಂದು ಮತ್ತೆ ಮತ್ತೆ ಕೇಳಿದಳು. ಊರೊಳಗೆ ಸೆರಗನ್ನು ಮುಖದ ಮೇಲೆಳೆದುಕೊಂಡು ನಡೆದಳು. ಮಾವನ ಮನೆಯ ಪಡಸಾಲೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಹರೆಯದ ಹೆಂಗಸೊಬ್ಬಳು ಎದ್ದು ಬಂದು, ಬೆಲ್ಲ ನೀರು ಕೊಟ್ಟು, ಯಾವ ಊರಿನವರು ಎಂದು ಕೇಳಿದಳು.

“ನಮ್ಮನಿಯವ್ರು ಹೊಲಕ್ಕ ಹೋಗ್ಯಾರ್ರಿ,” ಎಂದಳು.

ಅತ್ತಿ ತೊಟ್ಟಿಲ ಕಡೆ ನೋಡುತ್ತ ನೀರನ್ನು ಪೂರ್ತಿ ಕುಡಿದಳು. “ಬಬಲೇಶ್ವರಕ್ಕ ಹೊಂಟಿದ್ವಿ, ತಂಗಿ. ನೀರಡಿಕಿ ಆಗಿತ್ತು.”

ಬಂದ ಮುತ್ತೈದೆಯನ್ನು ಕುಂಕುಮ ಹಚ್ಚದೆ ಕಳಿಸಬಾರದಲ್ಲ. ಪಾಪ, ಆ ಹುಡುಗಿ ಒಳಗೆ ಹೋಗಿ ಭರಣಿ ತಂದಳು. ಅತ್ತಿ ತನ್ನ ಮನೆಯ ಹೊಸ್ತಿಲಲ್ಲಿ ತಲೆ ಬಗ್ಗಿಸಿ ಹಚ್ಚಿಸಿಕೊಂಡಳು.

ತಿರುಗಿ ಬರುವಾಗ ಬಸ್ಸಿನಲ್ಲಿ, “ಆ ಕತಿ ಹೇಳಾಂವಗ ತಮಿಳ ಬರೂದಿಲ್ಲ ಬೇ,” ಎಂದಳು.

ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ, ಅತ್ತಿಯ ಹಣೆಯಲ್ಲಿ ಕುಂಕುಮದ ಮೇಲೆ ಕುಂಕುಮ ನೋಡಿದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಮಾವನ ಎರಡನೆಯ ಮದುವೆ ಮನೆಯಲ್ಲಿ ದೊಡ್ಡವರಿಗೆಲ್ಲ ಗೊತ್ತಿತ್ತು, ಅತ್ತಿಯೊಬ್ಬಳನ್ನು ಬಿಟ್ಟು. ಮಾವನನ್ನು ಕ್ಷಮಿಸಿಯೇನು, ನಮ್ಮವರ ಆ ಮೌನವನ್ನು ಇಂದಿಗೂ ಕ್ಷಮಿಸಲಾಗಿಲ್ಲ. ಈಗ ಅವರು ಯಾರೂ ಇಲ್ಲ, ಮನೆಯೂ ಇಲ್ಲ. ಅಂಥ ಮನೆಯೊಂದನ್ನು ಇದನ್ನು ಓದುವ ನೀವೂ ಕಳೆದುಕೊಂಡಿರಬಹುದು. ಅಂದು ಸಂಜೆ ಬಸ್ಸಿನ ಹೊತ್ತಿಗೆ ಅತ್ತಿ ಎಂದಿನಂತೆ ಮುಖ ತೊಳೆದು ಕಟ್ಟೆಗೆ ಬಂದು ಕೂತಳು. ತನಗೆ ಗೊತ್ತಾಗಿದೆ ಎಂದು ಮನೆಯ ದೊಡ್ಡವರಿಗೆ ಗೊತ್ತಾಗಬಾರದೆಂದು, ಬದುಕಿರುವವರೆಗೂ ಕೂತಳು.