ಕಳಕಮ್ಮ ತೆರೆಸಿದ ಐದು ಕಣ್ಣು

ಕಿನ್ನಾಳದ ಕಳಕಮ್ಮನಿಗೆ ತನ್ನ ಕೈಯ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇರಬೇಕಾದರೂ ಯಾಕೆ? ಮದುವೆಯಾಗಿ ಬಂದಾಗಿನಿಂದ ಇಪ್ಪತ್ತೆಂಟು ವರ್ಷ ಹುಣಸೆಬೀಜದ ಅಂಟು ಕುದಿಸಿ, ಕಟ್ಟಿಗೆಯ ಗೊಂಬೆಗಳಿಗೆ ಮೆತ್ತಿ, ಉಜ್ಜಿ, ಬಣ್ಣ ಹಚ್ಚಿದವಳು. ಸೀರೆಯ ಅಂಚು, ಮೂಗುತಿ, ತುಟಿ, ಹುಬ್ಬು ಎಲ್ಲ ಅವಳದೇ. ಕಣ್ಣು ಮಾತ್ರ ಅವಳದಲ್ಲ. ಆ ಮನೆಯ ಪದ್ಧತಿಯೇ ಹಾಗೆ. ಹೆಂಗಸರು ಕಣ್ಣಿನ ಜಾಗ ಬೆಳ್ಳಗೆ ಬಿಟ್ಟು ಎದ್ದುಬಿಡಬೇಕು. ಮನೆಯ ಹಿರಿಯ ಗಂಡಸು ಮೈತೊಳೆದು ಬಂದು ಕರಿಗುಡ್ಡೆ ಇಟ್ಟು ಕಣ್ಣು ತೆರೆಸಬೇಕು.

ಗಂಡ ತೀರಿಕೊಂಡ ಮೇಲೂ ಆ ಕೆಲಸ ಭಾವ ಕೊಟ್ರಪ್ಪನವರ ಹತ್ತಿರವೇ ಉಳಿಯಿತು. ಅವರಿಗೆ ಎಪ್ಪತ್ತು ದಾಟಿ ಕೈ ನಡುಗಲು ಶುರುವಾಗಿತ್ತು. ಹೋದ ವರ್ಷ ಹಬ್ಬಕ್ಕೆ ಮಾಡಿದ ಗೌರಿ ಒಂದು ಕಣ್ಣಿಂದ ಗುಡಿಯನ್ನೂ ಇನ್ನೊಂದು ಕಣ್ಣಿಂದ ಬಸ್‌ಸ್ಟ್ಯಾಂಡನ್ನೂ ನೋಡುತ್ತಿದ್ದಳು. ಗೌರಿಯ ಕಣ್ಣು ತಾನೇ ಬರೆಯಬೇಕು ಅನ್ನುವ ಕಳಕಮ್ಮನ ಆಸೆ ಎಷ್ಟೋ ವರ್ಷದ್ದು.

ಇಂಥ ಹೊತ್ತಿಗೆ ಗಂಗಾವತಿಯಿಂದ ಹಸೀಬಾ ಮೇಡಂ ಬಂದರು. ಕಾಲೇಜಿನಲ್ಲಿ ಇತಿಹಾಸ ಕಲಿಸುವವರು, ಹಳೆಯ ಈಜಿಪ್ಟಿನ ಬರಹವೆಂದರೆ ಊಟ ಮರೆಯುವವರು. ಕೊಪ್ಪಳದಲ್ಲಿ ಮಕ್ಕಳಿಗೆಂದು ಒಂದು ಪ್ರದರ್ಶನ ಇಟ್ಟಿದ್ದರು. ಅದಕ್ಕೆ ಕಟ್ಟಿಗೆಯ ಒಂಬತ್ತು ಹಲಗೆ ಬೇಕು, ಒಂಬತ್ತರಲ್ಲೂ ಈಜಿಪ್ಟಿನ ಒಂದೇ ಕ್ರಿಯಾಪದ, ಬೇರೆಬೇರೆ ರೂಪದಲ್ಲಿ.

"ಅಯ್ಯ, ಒಂದ ಮಾತಿಗೆ ಒಂಬತ್ತು ಹಲಗಿ ಯಾಕ್ರಿ ಮೇಡಂ?"

"ನೀವು ಮಾಡು, ಮಾಡ್ಯಾನ, ಮಾಡೂದು ಅಂತ ಎಷ್ಟು ನಮೂನಿ ಅಂತೀರಿ ಕಳಕಮ್ಮಕ್ಕ? ಇದೂ ಹಂಗ. ಇದು ಅವರ 'ಮಾಡು'. ಅದನ್ನ ಬರಿಯಾಕ ಅವರು ಕಣ್ಣಿನ ಚಿತ್ರ ತಗೀತಿದ್ರು."

ಹಸೀಬಾ ಕಾಗದ ಬಿಡಿಸಿದರು. ಮೊದಲ ಐದು ರೂಪ ಬಹಳ ಹಳೆಯವು. ಒಂದರಲ್ಲಿ ಬರೀ ಕಣ್ಣು. ಇನ್ನೊಂದರಲ್ಲಿ ಕಣ್ಣಿನ ಜೊತೆ ಬಾಯಿ, ಮತ್ತೊಂದರಲ್ಲಿ ಎರಡು ಬಾಯಿ. 'ಮಾಡೂದು' ಅನ್ನಲು ಕಣ್ಣಿನ ಕೆಳಗೆ ಅರ್ಧ ರೊಟ್ಟಿಯಂಥ ಗುರುತು. ಮಾಡಿ ಮುಗಿಸಿದ್ದನ್ನು ಹೇಳಲು ನೀರಿನ ಅಲೆಯಂಥ ಗೆರೆ. ಉಳಿದ ನಾಲ್ಕು ಸಾವಿರಾರು ವರ್ಷ ಆಮೇಲಿನವು. ಅಷ್ಟೊತ್ತಿಗೆ ಅದೇ ಭಾಷೆಗೆ ಕಾಪ್ಟಿಕ್ ಅನ್ನುವ ಹೆಸರು ಬಂದು, ಚಿತ್ರ ಹೋಗಿ, ಗ್ರೀಕರಿಂದ ತಂದ ಅಕ್ಷರ ಬಂದಿದ್ದವು. ಆ ಮಾತು ಒಂಟಿಯಾಗಿ ನಿಂತರೆ 'ಈರೆ'. ಮುಂದೆ ಒಂದು ನಾಮಪದ ಅಂಟಿಕೊಂಡರೆ ಬರೀ 'ರ್'. 'ಅದನ್ನ', 'ಅವನ್ನ' ಅನ್ನುವುದು ಸೇರಿದರೆ 'ಆ'. ಆಗಿರುವ ಸ್ಥಿತಿ ಹೇಳಬೇಕಾದರೆ ಒಂದು 'ಒ' ಅಷ್ಟೇ.

"ಯವ್ವಾ, ಸವದು ಸವದು ಸಬಕಾರದ ತುಣುಕು ಆಗೇತಲ್ರಿ!"

"ಆದ್ರೂ ಸತ್ತಿಲ್ಲ ನೋಡ್ರಿ. ಉಚ್ಚಾರ ತುಸು ಬ್ಯಾರೆ, ಆದ್ರ ಈಜಿಪ್ಟಿನ ಚರ್ಚಿನ ಪ್ರಾರ್ಥನಿಯೊಳಗ ಇವತ್ತಿಗೂ ಐತಿ."

ಹನ್ನೆರಡು ದಿನದಲ್ಲಿ ಒಂಬತ್ತೂ ಹಲಗೆ ತಯಾರಾದವು. ಪ್ರದರ್ಶನದ ಹಿಂದಿನ ದಿನ ಹಸೀಬಾ ಆಟೋ ತಂದು ನಿಲ್ಲಿಸಿದರು. ಹಲಗೆ ನೋಡಿದವರೇ ತಲೆ ಮೇಲೆ ಕೈ ಹೊತ್ತರು.

"ಕಣ್ಣಾಗ ಗುಡ್ಡಿನ ಇಲ್ಲಲ್ರಿ ಅಕ್ಕ! ಐದೂ ಖಾಲಿ ಅದಾವು!"

ಇಪ್ಪತ್ತೆಂಟು ವರ್ಷದ ರೂಢಿ, ಕಣ್ಣು ಬಂದಲ್ಲೆಲ್ಲ ಕಳಕಮ್ಮನ ಕೈ ತಾನಾಗಿ ಬೆಳ್ಳಗೆ ಬಿಟ್ಟು ಮುಂದೆ ಹೋಗಿತ್ತು. ಗುಡ್ಡೆ ಇಟ್ಟುಕೊಡಿ ಎಂದು ಕಟ್ಟೆಯ ಮೇಲೆ ಕೂತಿದ್ದ ಭಾವನನ್ನು ಕೇಳಿದಳು.

"ದೇವರಲ್ಲ ದಿಂಡರಲ್ಲ, ಅದಕ್ಕ ನಾ ಯಾಕ ಕಣ್ಣು ತೆರಸ್ಲಿ?" ಅಂದರು ಕೊಟ್ರಪ್ಪನವರು.

"ಹಂಗಾದ್ರ ನಾ ಇಡ್ತೀನ್ರಿ."

"ಈ ಮನಿ ಹೆಣಮಕ್ಕಳು ಕಣ್ಣಿಗೆ ಕೈ ಹಚ್ಚಂಗಿಲ್ಲ."

ನೋಡಿ ಎಂಥ ನ್ಯಾಯ! ತಾನೂ ಮಾಡುವುದಿಲ್ಲ, ಮಾಡುವವರಿಗೂ ಬಿಡುವುದಿಲ್ಲ. ಕಳಕಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು.

"ಭಾವಾರ, ಇದು ದೇವರ ಕಣ್ಣಲ್ಲ ಅಂತ ನೀವ ಅಂದ್ರಿ. ಇದು 'ಮಾಡು' ಅಂತ ಬರದದ್ದು. ಈ ಮನ್ಯಾಗ ಮಾಡೂದಕ್ಕ ನನ್ನ ಇವತ್ತಿನ ತನಕ ಯಾರು ತಡದಾರ? ಹೇಳ್ರಿ."

ಅವರ ಉತ್ತರಕ್ಕೂ ಕಾಯದೆ ಸಣ್ಣ ಕುಂಚ ಎತ್ತಿಕೊಂಡಳು. ಮೊದಲ ಗುಡ್ಡೆ ಇಡುವಾಗ ಉಸಿರು ಬಿಗಿಹಿಡಿದಿದ್ದಳು. ಎರಡನೆಯದಕ್ಕೆ ಹೆದರಿಕೆ ಹೋಯಿತು. ಐದನೆಯದು ಮುಗಿದಾಗ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೂ ಹತ್ತು ಕಣ್ಣು ಇರಬಾರದಿತ್ತೇ ಅನ್ನಿಸಿತು. ಐದೂ ನೆಟ್ಟಗೆ ನೋಡುತ್ತಿದ್ದವು.

ಕೊಟ್ರಪ್ಪನವರು ಕಟ್ಟೆ ಇಳಿದು ಬಂದು, ಚಾಳೀಸು ಕನ್ನಡಕ ಏರಿಸಿ, ಒಂದೊಂದೇ ಹಲಗೆ ನೋಡಿದರು. ಛಲೋ ಅನ್ನಲಿಲ್ಲ.

"ಹಬ್ಬಕ್ಕ ಗೌರಿ ಕಣ್ಣು ತೆರಸಾಂವ ನಾನ. ತಿಳೀತಿಲ್ಲ?"

"ತೆರಸ್ರಿ ಭಾವಾರ. ಕೈ ಬ್ಯಾಸರಾದ್ರ ಒಂದು ಮಾತು ಕರೀರಿ."

ಹಲಗೆಗಳು ಕೊಪ್ಪಳಕ್ಕೆ ಹೋದವು. ಗೌರಿ ಹಬ್ಬ ಬಂತು. ಹಬ್ಬದ ಹಿಂದಿನ ದಿನ ಮುಂಜಾನೆ ಕೊಟ್ರಪ್ಪನವರು ಗೊಂಬೆಯ ಮುಂದೆ ಕೂತರು. ಕುಂಚ ಬಣ್ಣಕ್ಕೆ ಅದ್ದಿದರು, ಎತ್ತಿದರು, ಮತ್ತೆ ಅದ್ದಿದರು. ತುದಿ ಅಲುಗುತ್ತಲೇ ಇತ್ತು. ಕೊನೆಗೆ ಕುಂಚವನ್ನು ತಟ್ಟೆಯಲ್ಲಿಟ್ಟು, ಹಿಂದಕ್ಕೆ ತಿರುಗದೆಯೇ ಕೇಳಿದರು.

"ಕಳಕವ್ವಾ, ಮೈ ತೊಳಕೊಂಡಿ ಏನು?"

"ನಿಮಗಿಂತ ಮೊದಲ ಆಗೇತ್ರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಕಳಕಮ್ಮ.