ಬೂಟು ಹಾಕಿಕೊಂಡು ಗಿಡದ ಬಳಿಗೆ

ತೆಂಗಿನ ನಾರಿನ ಪುಡಿಯನ್ನು ಒತ್ತಿ ಒಣಗಿಸಿ ಇಟ್ಟಿಗೆ ಮಾಡಿ ಮಾರುತ್ತಾರೆ, ನೋಡಿದ್ದೀರಲ್ಲ? ಒಂದನ್ನು ತೊಟ್ಟಿ ನೀರಿಗೆ ಹಾಕಿ ಸುಮ್ಮನೆ ಕೂತರೆ ಸಾಕು, ಕಾಲು ಗಂಟೆಯೊಳಗೆ ಉಬ್ಬಿ ತೊಟ್ಟಿಯ ಅಂಚಿಗೆ ಬಂದಿರುತ್ತದೆ. ಆಗ ಅದರಿಂದ ನೆನೆದ ಹಗ್ಗದ ವಾಸನೆ ಏಳುತ್ತದೆ. ಇವತ್ತು ಬೆಳಿಗ್ಗೆ ಸೂಳಗಿರಿ ಹತ್ತಿರದ ನಮ್ಮ ಪಾಲಿಹೌಸಿನ ಮುಂದೆ ಆ ಪುಡಿ ಕಲಸುತ್ತಿದ್ದೆ. ನಿಮಗಾದರೆ ಆ ವಾಸನೆಗೆ ತೆಂಗಿನ ತೋಪು ನೆನಪಾದೀತು. ನನಗೆ ಸ್ಪೇನ್ ದೇಶದ ಅಲ್ಮೇರಿಯಾ ಎಂಬ ಊರು ನೆನಪಾಗುತ್ತದೆ. ತಲೆ ನೆಟ್ಟಗಿದೆಯೇ ಎಂದು ಕೇಳಬೇಡಿ. ನಾನು ಓದಿದ ಕಡೆ ಟೊಮೆಟೊ ಗಿಡಗಳು ಬೇರು ಬಿಡುತ್ತಿದ್ದದ್ದು ನಮ್ಮ ಕಡೆಯಿಂದ ಹಡಗು ಹತ್ತಿ ಹೋದ ಇಂಥ ಪುಡಿಯಲ್ಲೇ. ನನಗಿಂತ ಮೊದಲು ಅದಕ್ಕೆ ಅಲ್ಲಿ ಜಾಗ ಸಿಕ್ಕಿತ್ತು.

ನನಗೆ ಜಾಗ ಸಿಗುವುದಕ್ಕೆ ಏನೇನಾಯಿತು ಎಂಬುದನ್ನೇ ಹೇಳಹೊರಟಿದ್ದೇನೆ.

ಕೃಷಿ ಪದವಿ ಮುಗಿಸಿ ಹೊಸೂರಿನ ಒಂದು ಹೂವಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಪಾಲಿಹೌಸ್ ಬೇಸಾಯವನ್ನು ಬುಡದಿಂದ ಕಲಿಯಬೇಕು ಎಂಬ ಹಟ ಅಲ್ಲೇ ಹಿಡಿಯಿತು. ಕಲಿಸುವವರು ಅಲ್ಮೇರಿಯಾದಲ್ಲಿದ್ದಾರೆ ಎಂದು ಗೊತ್ತಾಯಿತು. ಪಾಠ ಇಂಗ್ಲಿಷಿನಲ್ಲಿ, ಗಿಡದ ಕೆಲಸ ಮಾತ್ರ ಸ್ಪ್ಯಾನಿಷಿನಲ್ಲಿ. ಸರಿ, ಸೂಳಗಿರಿಯಿಂದ ಹೊಸೂರಿಗೆ ಹೋಗುವ ಬಸ್ಸಿನಲ್ಲಿ ಫೋನು ಹಿಡಿದು ಕಲಿಯತೊಡಗಿದೆ. ಎಂಟು ತಿಂಗಳು ಕಿಟಕಿಯ ಪಕ್ಕ ಕೂತು ತುಟಿ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ಕಂಡಕ್ಟರಿಗೆ ನಾನು ಯಾವುದೋ ವ್ರತ ಹಿಡಿದಿದ್ದೇನೆ ಅನ್ನಿಸಿರಬೇಕು, ಶುಕ್ರವಾರಗಳಲ್ಲಿ ವಿಶೇಷ ಗೌರವದಿಂದ ಟಿಕೆಟ್ ಕೊಡುತ್ತಿದ್ದ.

ಯೂರೋಪು ಎಂದರೆ ಹಸಿರು ಎಂದುಕೊಂಡು ಹೋದವಳಿಗೆ ಕಂಡದ್ದು ಕೃಷ್ಣಗಿರಿಯ ಬಂಡೆಗುಡ್ಡಗಳ ಅಣ್ಣತಮ್ಮಂದಿರು. ಬೋಳು ಬೆಟ್ಟ, ಕಣ್ಣು ಕುಕ್ಕುವ ಬಿಸಿಲು, ಬೆಟ್ಟದ ಬುಡದಿಂದ ಸಮುದ್ರದವರೆಗೂ ಬಿಳಿ ಪ್ಲಾಸ್ಟಿಕ್ ಮಾಡು. ಮೊದಲ ಮಧ್ಯಾಹ್ನ ಅಕ್ಕಿ ಕೊಳ್ಳಲು ಹೊರಟೆ. ಎರಡು ಬೀದಿ ತಿರುಗಿದರೂ ಒಂದು ಅಂಗಡಿಯೂ ತೆರೆದಿರಲಿಲ್ಲ. ನಮ್ಮೂರಲ್ಲಿ ಹಾಡುಹಗಲೇ ಎಲ್ಲರೂ ಬಾಗಿಲು ಎಳೆದರೆ ಯಾರೋ ದೊಡ್ಡವರು ತೀರಿಕೊಂಡಿದ್ದಾರೆ ಎಂದೇ ಅರ್ಥ. ನಾನೂ ಮುಖ ಸಣ್ಣದು ಮಾಡಿಕೊಂಡು ಶವಯಾತ್ರೆಗೆ ದಾರಿ ಬಿಡುವವಳಂತೆ ರಸ್ತೆಯ ಅಂಚಿಗೆ ನಡೆದು ಕೋಣೆ ಸೇರಿದೆ. ಅಲ್ಲಿ ದಿನವೂ ಊಟದ ಹೊತ್ತಿಗೆ ಹೀಗೆ ಮುಚ್ಚುತ್ತಾರೆ ಎಂದು ಮರುದಿನ ಗೊತ್ತಾಯಿತು. ಅವತ್ತು ಮಾತ್ರ ಅಮ್ಮ ಕಟ್ಟಿಕೊಟ್ಟ ಹುಚ್ಚೆಳ್ಳು ಪುಡಿಯನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದೆ. ಚೆನ್ನಾಗಿತ್ತು ಎಂದು ಸುಳ್ಳು ಹೇಳಲಾರೆ.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ನಡೆದದ್ದು ಮಂಗಳವಾರ, ಗಿಡದ ಕೆಲಸದ ಮೊದಲ ದಿನ.

ನಮ್ಮ ಗುಂಪಿಗೆ ಗಿಡದ ಕೆಲಸ ಕಲಿಸುವವರು ಎನ್‌ಕಾರ್ನಾ ಎಂಬ ಐವತ್ತೈದರ ಹೆಂಗಸು. ಗಟ್ಟಿ ಆಳು, ಬಿಸಿಲಿಗೆ ಕಂದಿದ ಮುಖ, ಮಾತು ಕಡಿಮೆ. ಪಾಲಿಹೌಸಿಗೆ ಎರಡು ಬಾಗಿಲು. ಎರಡರ ನಡುವಿನ ಪುಟ್ಟ ಕೋಣೆಯಲ್ಲಿ ನಮಗೆಲ್ಲ ಬಿಳಿ ಕೋಟು, ಕೈಗವಸು, ಮೊಣಕಾಲುದ್ದದ ರಬ್ಬರ್ ಬೂಟು ಕೊಟ್ಟರು. ಔಷಧಿ ನೀರಿನ ತಟ್ಟೆಯಲ್ಲಿ ಬೂಟು ಅದ್ದಿಸಿ ಒಳಗೆ ಬಿಟ್ಟರು. ಒಳಗೆ ಕಾಲಿಟ್ಟೆ. ಆಳೆತ್ತರದ ಟೊಮೆಟೊ ಸಾಲುಗಳು, ಮೇಲಿನ ತಂತಿಗೆ ಕಟ್ಟಿದ ದಾರದಲ್ಲಿ ತೂಗುತ್ತಿದ್ದವು. ಅಷ್ಟು ಒಪ್ಪವಾಗಿ ಬೆಳೆದ ಬೆಳೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ತೋರಿಸಿದ ಸಾಲಿನೊಳಗೆ ಹೋದೆ. ಹತ್ತು ಹೆಜ್ಜೆ ನಡೆದಿರಬೇಕು, ಹಿಂದಿನಿಂದ ಎನ್‌ಕಾರ್ನಾ ನಿಲ್ಲು ಎಂದರು.

ಹಾವು ಎಂದುಕೊಂಡೆ. ಹಾವಲ್ಲ. ಸಾಲಿನ ತಲೆಯಲ್ಲಿ ನನ್ನ ಎರಡು ಬೂಟುಗಳು ಒತ್ತಿಗೆ ಒತ್ತಿ, ಮನೆಯ ಹೊಸ್ತಿಲ ಹೊರಗೆ ಬಿಟ್ಟ ಹಾಗೆ ನಿಂತಿದ್ದವು. ನಾನು ಬರಿಗಾಲಲ್ಲಿದ್ದೆ.

ದೇವರಾಣೆಗೂ ಯಾವಾಗ ಕಳಚಿದೆನೋ ನನಗೆ ತಿಳಿಯದು. ಕಳಚಿದ್ದು ನಾನಲ್ಲ, ನಮ್ಮಜ್ಜಿ. ನಮ್ಮ ಮನೆಯಲ್ಲಿ ಅರ್ಧ ಎಕರೆ ಸೇವಂತಿಗೆ ಯಾವಾಗಲೂ ಇರುತ್ತಿತ್ತು. ಅದರ ಬದುವಿನವರೆಗೆ ಮಾತ್ರ ಚಪ್ಪಲಿ, ಅಲ್ಲಿಂದ ಮುಂದೆ ಬರಿಗಾಲು. ನಾಲ್ಕು ವರ್ಷದವಳಿದ್ದಾಗ ಒಮ್ಮೆ ಹೊಸ ಚಪ್ಪಲಿಯ ಗತ್ತಿನಲ್ಲಿ ಹೂವಿನ ಸಾಲಿಗೆ ನುಗ್ಗಿದ್ದೆ. ಅಜ್ಜಿ ರೆಟ್ಟೆ ಹಿಡಿದು ಹೊರಗೆ ತಂದು ನಿಲ್ಲಿಸಿದ್ದಳು. "ಹೂವು ದೇವ್ರ ತಲೆ ಮ್ಯಾಲೆ ಓಗೋದು. ನೀನು ಮೆಟ್ಟು ಮೆಟ್ಕಂಡು ಬತ್ತೀಯಾ?" ಕಣಕ್ಕೂ ಅಷ್ಟೇ, ರಾಗಿ ಹೊಲಕ್ಕೂ ಅಷ್ಟೇ. ಇಪ್ಪತ್ತು ವರ್ಷ ಕಾಲು ಹೀಗೆ ಪಳಗಿದ ಮೇಲೆ ಅದು ತಲೆಯ ಅಪ್ಪಣೆ ಕೇಳುವುದಿಲ್ಲ. ಪದವಿಯಲ್ಲಿ ಸಸ್ಯರೋಗ ಓದಿದ್ದೆ, ರೋಗ ಕಾಲಿನಿಂದ ಹರಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. ತಲೆ ಓದಿತ್ತು, ಕಾಲು ಓದಿರಲಿಲ್ಲ.

ಎನ್‌ಕಾರ್ನಾ ಬೈಯಲಿಲ್ಲ. ಬಾಗಿಲ ಕಡೆ ಕೈ ತೋರಿಸಿ, ಹೊರಗೆ ಎಂದರು. ನಾನು ನಡೆದ ದಾರಿಯನ್ನು ಇಬ್ಬರು ಕೆಲಸದವರು ಔಷಧಿ ನೀರಿನಲ್ಲಿ ಉಜ್ಜುತ್ತಿರುವುದು ಪ್ಲಾಸ್ಟಿಕ್ಕಿನ ಹೊರಗಿನಿಂದ ಮಸುಕಾಗಿ ಕಂಡಿತು. ನಾಚಿಕೆಯಿಂದ ಅಳು ಬಂತು, ಅತ್ತುಬಿಟ್ಟೆ. ಮಧ್ಯಾಹ್ನ ಕೋರ್ಸಿನ ಮೇಷ್ಟರು ಕರೆದು ಮೆತ್ತಗೆ ವಿಷಯ ತಿಳಿಸಿದರು. ಗಿಡದ ಗುಂಪಿನಲ್ಲಿ ಇರುವುದು ಎಂಟೇ ಜಾಗ. ಕಾಯುತ್ತಿರುವವರು ಇನ್ನೂ ಇದ್ದಾರೆ. ಶುಕ್ರವಾರ ಎನ್‌ಕಾರ್ನಾ ಒಪ್ಪಿದರೆ ನಾನು ಅಲ್ಲಿ, ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಬೆಳೆ ಲೆಕ್ಕ ಹಾಕುವ ಗುಂಪಿಗೆ. ಅದೂ ಒಳ್ಳೆಯ ಓದೇ ಎಂದು ಸಮಾಧಾನವನ್ನೂ ಹೇಳಿದರು. ಕಂಪ್ಯೂಟರ್ ಮುಂದೆ ಕೂರುವುದಕ್ಕೆ ಸಮುದ್ರ ದಾಟಬೇಕಿತ್ತೇ? ಹೊಸೂರಿನ ಅವಲಪಲ್ಲಿಯಲ್ಲೇ ಬಾಡಿಗೆ ಮನೆ ಹಿಡಿದಿದ್ದರೆ ಸಾಕಾಗಿತ್ತು. ಗಿಡದ ಮಧ್ಯೆ ನಿಲ್ಲಲಿಕ್ಕೆ ಬಂದವಳು ನಾನು, ನಿಂತೇ ಹೋಗಬೇಕು ಎಂದು ಅಲ್ಲೇ ತೀರ್ಮಾನ ಮಾಡಿಕೊಂಡೆ.

ಬುಧವಾರ ಎಲ್ಲರಿಗಿಂತ ಮೊದಲು ಪಾಲಿಹೌಸಿನ ಮುಂದೆ ಹೋಗಿ ನಿಂತೆ. ಎನ್‌ಕಾರ್ನಾ ಬಂದರು. ಒಳಗೆ ಬಿಡಬೇಡಿ, ಹೊರಗಿನ ಕೆಲಸ ಏನಿದ್ದರೂ ಕೊಡಿ ಎಂದೆ. ಬಸ್ಸಿನಲ್ಲಿ ಕಲಿತ ಸ್ಪ್ಯಾನಿಷಿನಲ್ಲಿ ಅದು ಎಷ್ಟು ಸರಿಯಾಗಿ ಬಂತೋ ಏನೋ. ಅವರು ಮೂಲೆಯಲ್ಲಿ ಒಟ್ಟಿದ್ದ ಕೊಳೆ ಬೂಟುಗಳನ್ನು ತೋರಿಸಿದರು. ತೊಳೆ.

ನಮ್ಮ ಕಡೆ ಇನ್ನೊಬ್ಬರ ಮೆಟ್ಟು ಮುಟ್ಟುವುದೆಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಕಾಲು ತಾಕಿದರೂ ಕೈ ಕಣ್ಣಿಗೆ ಹೋಗುತ್ತದೆ. ಮೊದಲ ಬೂಟನ್ನು ಎರಡೇ ಬೆರಳಲ್ಲಿ ಎತ್ತಿಕೊಂಡೆ. ಹತ್ತನೆಯದರ ಹೊತ್ತಿಗೆ ಅದು ಬರೀ ರಬ್ಬರ್ ಆಯಿತು. ತಳದ ಗೀರುಗಳಲ್ಲಿ ಎಷ್ಟು ಮಣ್ಣು, ಎಷ್ಟು ಎಲೆಯ ಚೂರು ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಆವತ್ತು ಕಡ್ಡಿಯಲ್ಲಿ ಕೆದಕಿ ಕೆದಕಿ ನೋಡಿದೆ. ಯಾವ ಪುಸ್ತಕವೂ ನನಗೆ ಅದನ್ನು ಅಷ್ಟು ಹತ್ತಿರದಿಂದ ತೋರಿಸಿರಲಿಲ್ಲ. ಗುರುವಾರವೂ ತೊಳೆದೆ.

ಆವತ್ತು ಮಧ್ಯಾಹ್ನ ಅಂಗಡಿಗಳು ಮುಚ್ಚಿದ ಹೊತ್ತಿನಲ್ಲಿ ಊರಿಗೆ ಫೋನು ಮಾಡಿದೆ. ಅಲ್ಲಿ ಸಂಜೆ. ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೂಟು ಹಾಕಿಕೊಂಡು ಗಿಡದ ಮಧ್ಯೆ ಓಡಾಡಲು ಮನಸ್ಸು ಬರುತ್ತಿಲ್ಲ, ಕಾಲು ಕೇಳುತ್ತಿಲ್ಲ ಎಂದೂ ಹೇಳಿದೆ. ಒಳಗೊಳಗೆ ನನಗೆ ಆಸೆಯಿತ್ತು, ಅಜ್ಜಿ ಕೇಳಿಸಿಕೊಂಡು ನನ್ನ ಪರ ವಹಿಸಿ ಅವರನ್ನೆಲ್ಲ ನಾಲ್ಕು ಬೈಯಲಿ ಎಂದು. ಅಜ್ಜಿ ಫೋನು ಇಸಕೊಂಡಳು.

"ಅಲ್ಲಿ ಗಿಡ ಯಾರ್ದು ಮಗಾ?"

"ಅವರ್ದು ಅಜ್ಜಿ."

"ಅಂಗಂದ್ರೆ ಅವರೆಂಗೇಳ್ತಾರೋ ಅಂಗೇ ನಡ್ಕ. ಕಲ್ತ್ಕಂಬಾ ಅಂತ ಕಳ್ಸಿದ್ದು ನಿನ್ನ. ಹೇಳ್ಕೊಟ್ಟು ಬಾ ಅಂತಲ್ಲ."

ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದಳಂತೆ. ನನಗೆ ಮೊದಲು ಸಿಟ್ಟು ಬಂತು. ನನ್ನ ಕಾಲಿಗೆ ಈ ಪಾಠ ಹೇಳಿದವಳೇ ಹೀಗಂದರೆ ಹೇಗೆ? ಆಮೇಲೆ ನಗು ಬಂತು. ಇಪ್ಪತ್ತು ವರ್ಷದ ಕಟ್ಟನ್ನು ಅಜ್ಜಿ ಎರಡು ಮಾತಿನಲ್ಲಿ ಬಿಚ್ಚಿ ಕೊಟ್ಟಿದ್ದಳು. ಕಾಲನ್ನು ನಂಬುವ ಹಾಗಿರಲಿಲ್ಲ, ಅದಕ್ಕೇ ಟೊಮೆಟೊ ಕಟ್ಟುವ ದಾರದ ತುಂಡೊಂದನ್ನು ಜೇಬಿಗೆ ಹಾಕಿಕೊಂಡೆ.

ಶುಕ್ರವಾರ ನಡುಕೋಣೆಯಲ್ಲಿ ಬೂಟು ಹಾಕಿಕೊಂಡು, ಕಣಕಾಲಿನ ಸುತ್ತ ಆ ದಾರವನ್ನು ನಾಲ್ಕು ಸುತ್ತು ಬಿಗಿದೆ. ಗುಂಪಿನ ಹುಡುಗರು ನಕ್ಕರು. ಎನ್‌ಕಾರ್ನಾ ನಗಲಿಲ್ಲ, ಯಾಕೆ ಎಂದು ಕೇಳಿದರು. ನನ್ನ ಹತ್ತಿರ ಇದ್ದಷ್ಟು ಮಾತು ಜೋಡಿಸಿ ಹೇಳಿದೆ. ನಮ್ಮಲ್ಲಿ ಬೆಳೆ ಇರುವ ಕಡೆ ಮೆಟ್ಟು ಹಾಕುವುದಿಲ್ಲ, ಅದು ಮರ್ಯಾದೆ, ಅವತ್ತು ಕಾಲು ತಾನೇ ಕಳಚಿತು, ಇವತ್ತು ಕಳಚದಿರಲಿ ಎಂದು ಕಟ್ಟಿದ್ದೇನೆ. ಅವರು ಕೇಳಿಸಿಕೊಂಡರು. ಬಾಗಿಲು ತೆಗೆದರು.

ಸಾಲಿನ ತಲೆಗೆ ಬಂದೆ. ಬೂಟು ಕಾಲಲ್ಲೇ ಇತ್ತು. ಮುಂದಿನ ಹೆಜ್ಜೆ ಇಡಬೇಕು, ಇಡಲಾಗುತ್ತಿಲ್ಲ. ತುಳಿಯುವ ಮೊದಲು ತಪ್ಪಾಯಿತು ಎನ್ನದೆ ಹೋಗುವುದು ಹೇಗೆ? ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒತ್ತಿಕೊಂಡ ಮೇಲೆ ನೋಡುತ್ತೇನೆ, ಕೈಯಲ್ಲಿ ಗವಸಿದೆ. ಗಿಡ ಮುಟ್ಟಲೆಂದು ಹಾಕಿಕೊಂಡ ಚೊಕ್ಕ ಗವಸಿನಲ್ಲಿ ನೆಲವನ್ನೂ ಮುಖವನ್ನೂ ಮುಟ್ಟಿಯಾಗಿತ್ತು. ಮುಗಿಯಿತು ಕಥೆ, ಇನ್ನು ಕಂಪ್ಯೂಟರೇ ಗತಿ ಎಂದುಕೊಂಡೆ. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಹಿಂದಿನಿಂದ ಒಂದು ಕೈ ಬಂತು. ಅದರಲ್ಲಿ ಹೊಸ ಗವಸುಗಳ ಡಬ್ಬಿ ಇತ್ತು. ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಳ್ಳುವವರೆಗೆ ಎನ್‌ಕಾರ್ನಾ ಡಬ್ಬಿ ಹಿಡಿದು ನಿಂತಿದ್ದರು. "ನಾಳೆಯಿಂದ ಮೊದಲು ಅದು, ಆಮೇಲೆ ಗವಸು" ಎಂದು ಹೇಳಿ, ಪಕ್ಕದ ಸಾಲಿಗೆ ಹೋದರು. ನಾಳೆಯಿಂದ ಎಂದಿದ್ದರು. ಆ ಒಂದು ಮಾತಿಗೆ ನನಗಾದ ಖುಷಿಯನ್ನು ಈಗಲೂ ಸರಿಯಾಗಿ ಹೇಳಲಾರೆ. ಆ ಸಾಲಿನ ಎಲೆಕಂಕುಳಲ್ಲಿ ಒಡೆದ ಬೇಡದ ಕುಡಿಗಳನ್ನೆಲ್ಲ ಚಿವುಟಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

ಎರಡು ವರ್ಷ ಅವರ ಕೈಕೆಳಗೆ ದುಡಿದೆ. ಬೂಟಿನ ವಿಷಯದಲ್ಲಿ ಅವರು ಒಂದು ಕೂದಲಷ್ಟೂ ಸಡಿಲ ಬಿಡಲಿಲ್ಲ, ನೆಲ ಮುಟ್ಟುವ ವಿಷಯದಲ್ಲಿ ನಾನೂ ಬಿಡಲಿಲ್ಲ.

ಈಗ ಇಲ್ಲಿ ನನ್ನದೇ ಪಾಲಿಹೌಸು. ಸುತ್ತಲಿನ ಹಳ್ಳಿಗಳಿಂದ ಆರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಬಾಗಿಲಲ್ಲಿ ಒಂದು ಬೋರ್ಡು ಬರೆಸಿದ್ದೇನೆ, ಕನ್ನಡ, ತಮಿಳು, ತೆಲುಗು ಮೂರರಲ್ಲೂ. ಮೊದಲು ನೆಲ ಮುಟ್ಟಿ ನಮಸ್ಕಾರ. ಆಮೇಲೆ ಸೋಪಿನಲ್ಲಿ ಕೈ ತೊಳೆಯುವುದು, ಬೂಟು, ಗ್ಲೌಸು. ಇವತ್ತು ತೊಟ್ಟಿಯ ಪುಡಿ ಕಲಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ, ನಮ್ಮ ಟೊಮೆಟೊ ಹಣ್ಣು ಕೊಳ್ಳುವ ಕಂಪನಿಯಿಂದ ಶುಚಿತ್ವ ನೋಡಿಹೋಗಲು ಒಬ್ಬರು ಬಂದರು. ಅವರು ಒಪ್ಪದಿದ್ದರೆ ಈ ಬೆಳೆ ಹೊರದೇಶಕ್ಕೆ ಹೋಗುವಂತಿಲ್ಲ. ಬೋರ್ಡಿನ ಮುಂದೆ ನಿಂತು ಓದಿದರು. ಮೊದಲನೆಯ ಸಾಲಿನ ಮೇಲೆ ಪೆನ್ನಿಟ್ಟು, ಇದು ಯಾವ ನಿಯಮದ ಪುಸ್ತಕದಲ್ಲಿದೆ ಎಂದು ಕೇಳಿದರು. ನಾಲ್ಕು ವರ್ಷದ ಹಿಂದಿನ ಹುಡುಗಿಯಾಗಿದ್ದರೆ ಒಂದು ಡಬ್ಬಿ ಬಣ್ಣ ತಂದು ಅಳಿಸಿಬಿಡುತ್ತಿದ್ದಳೋ ಏನೋ.

"ಯಾವ ಪುಸ್ತಕದಲ್ಲೂ ಇಲ್ಲ ಸಾರ್. ಅದನ್ನ ಮೊದ್ಲು ಬರೀದಿದ್ರೆ ನಮ್ಮೋರು ಗ್ಲೌಸ್ ಹಾಕ್ಕಂಡ್ಮೇಲೆ ಮಾಡ್ತಾರೆ."

ಅವರು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿ ನೆಲ ಮುಟ್ಟಿದರು. ಸೋಪು ಎಲ್ಲಿ ಎಂದು ಕೇಳಿದರು.